ಚೌಕಾಬಾರಕ್ಕೆ ಆ ಹೆಸರು ಯಾಕೆ ಬಂತು, ಆಡೋದು ಹೇಗೆ?

ಹೆಸರಲ್ಲೇ ಎರಡು ಗರಗಳಿವೆ, ಅಂದರೆ ಕವಡೆ ಬಿಟ್ಟಾಗ ಬೀಳುವ ಎಣಿಕೆಗಳು. ಚೌಕ ಅಂದರೆ 4, ಬಾರ ಅಂದರೆ 8. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎರಡಕ್ಕೂ ಇನ್ನೊಂದು ಸಲ ಕವಡೆ ಬಿಡಬಹುದು.

ಸಾಮಾನ್ಯವಾಗಿ 25 ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಗುರುತು ಹಾಕಿದ ಕಟ್ಟೆ ಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಆಟದ ಜೀವ ಇರೋದೇ ಈ ನಿಯಮದಲ್ಲಿ. ನಡುಮನೆ ಸೇರಿದ ಕಾಯಿ ಹಣ್ಣು. ಎಂಥ ಚೆಂದದ ಮಾತು ಅಲ್ವಾ!

ಕವಡೆಯೇ ಬೇಕೆಂದಿಲ್ಲ. ನಾವು ಹುಣಸೆ ಬೀಜವನ್ನು ಜಗಲಿ ಕಲ್ಲಿಗೆ ಉಜ್ಜುತ್ತಿದ್ದೆವು, ಒಂದು ಬದಿ ಬೆಳ್ಳಗಾಗುವವರೆಗೆ. ಬೀಜ ಬಿಸಿಯಾಗಿ ಬೆರಳು ಚುರ್ ಅನ್ನುತ್ತಿತ್ತು. ಕಾಯಿಗೆ ಅಜ್ಜಿಯ ಒಡೆದ ಬಳೆ ಚೂರು. ಹಸಿರು ಚೂರಿಗೆ ಜಗಳ ಜಾಸ್ತಿ.