ಕ್ರಿಯಾನ್ ಮೊದಲು ಎಲ್ಲಿಗೆ ಹೋದ?

ಪ್ರಿಯರೇ, ನಮಸ್ಕಾರ.

‘ದುರಂತ ಪಾತ್ರಗಳು: ನಿರ್ದೇಶಕರ ಒಳನೋಟ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದದಿಂದ ಹಿಂತಿರುಗಿಸಲಾಗಿದೆ’ ಅಂತ ಒಂದು ಸಾಲು ಗೀಚಿ ಕಳಿಸಲು ಮನಸ್ಸು ಬರಲಿಲ್ಲ. ನಿಮ್ಮ ಹನ್ನೊಂದು ಪುಟಗಳ ಒಳಗೆ ಒಂದು ಒಳ್ಳೆಯ ಬರಹ ಇದೆ, ಅದು ನಿಮಗೇ ಕಂಡಿಲ್ಲ. ಅದು ಎಲ್ಲಿದೆ ಅಂತ ಹೇಳುವುದಕ್ಕೆ ಈ ಪತ್ರ. ನಾಟಕದ ಬಗ್ಗೆ ಬರೆಯುವ ಬೇರೆಯವರಿಗೂ ಉಪಯೋಗ ಆದೀತು ಅಂತ ನಿಮ್ಮ ಹೆಸರು ಬಿಟ್ಟು ಅಂಕಣದಲ್ಲೇ ಹಾಕುತ್ತಿದ್ದೇನೆ.

ಓದುಗರಿಗಾಗಿ ನಿಮ್ಮ ಲೇಖನದ ಸಾರ ಹೇಳಿಬಿಡುತ್ತೇನೆ. ಸಾಗರದ ಹವ್ಯಾಸಿ ತಂಡವೊಂದು ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ಅಂತಿಗೊನೆ’ ಆಡಲು ಹೊರಟಿದೆ. ನೀವು ಈ ಮಳೆಗಾಲದಲ್ಲಿ ಅವರ ತಾಲೀಮಿಗೆ ಹೋಗಿ ಕೂತಿದ್ದೀರಿ. ನಿರ್ದೇಶಕರು ಪಾತ್ರಗಳನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಬರೆಯುವುದು ನಿಮ್ಮ ಉದ್ದೇಶ. ಮೊದಲ ಮೂರು ಪುಟ, ದುರಂತದ ಬಗ್ಗೆ ತತ್ವಜ್ಞಾನಿಗಳಾದ ಅರಿಸ್ಟಾಟಲ್ ಮತ್ತು ಹೆಗೆಲ್ ಹೇಳಿದ್ದು. ಆಮೇಲೆ ಒಂದೊಂದು ಪಾತ್ರಕ್ಕೆ ಒಂದೊಂದು ಪ್ಯಾರಾ. ದೊರೆ ಕ್ರಿಯಾನ್ ಅಹಂಕಾರಿ. ಅಂತಿಗೊನೆ ತ್ಯಾಗಮಯಿ. ಅವಳ ತಂಗಿ ಇಸ್ಮೆನೆ ಹೇಡಿ. ಕ್ರಿಯಾನ್‌ನ ಮಗ ಹೀಮನ್ ನಿಷ್ಠಾವಂತ ಪ್ರೇಮಿ. ಎಲ್ಲರೂ ವಿಧಿಯ ಕೈಗೊಂಬೆಗಳು. ಕೊನೆಗೆ, ‘ನಿರ್ದೇಶಕರು ಈ ಪಾತ್ರಗಳಿಗೆ ಹೊಸ ಆಯಾಮ ನೀಡಿದ್ದಾರೆ’ ಎಂಬ ಮಾತು.

ಯಾವ ಆಯಾಮ? ಅದನ್ನೇ ನೀವು ಬರೆದಿಲ್ಲ.

ನೋಡಿ, ‘ಅಹಂಕಾರಿ’ ಅನ್ನುವುದನ್ನು ಯಾವ ನಟನೂ ಆಡಲಾರ. ನಟನಿಗೆ ‘ನೀನು ಅಹಂಕಾರಿ’ ಅಂತ ಹೇಳಿ ನೋಡಿ. ಎದೆ ಉಬ್ಬಿಸುತ್ತಾನೆ, ದನಿ ಏರಿಸುತ್ತಾನೆ, ಶಲ್ಯ ಕೊಡವುತ್ತಾನೆ. ಹತ್ತು ನಿಮಿಷದಲ್ಲಿ ಅವನಿಗೂ ಬೇಜಾರು, ನಮಗೂ ಬೇಜಾರು. ಅದು ನಾಟಕ ಮುಗಿದ ಮೇಲೆ ನಾವು ಕೊಡುವ ತೀರ್ಪು. ತಾಲೀಮಿನ ಜಾಗದಲ್ಲಿ ತೀರ್ಪಿನಿಂದ ಕೆಲಸ ನಡೆಯುವುದಿಲ್ಲ. ಈ ಮನುಷ್ಯನಿಗೆ ಈಗ ಏನು ಬೇಕು, ಅದಕ್ಕೆ ಅವನು ಏನು ಮಾಡುತ್ತಾನೆ, ಯಾರ ಎದುರಿಗೆ ಮಾಡುತ್ತಾನೆ ಎಂಬುದನ್ನು ಹಿಡಿದುಕೊಂಡೇ ಒಳ್ಳೆಯ ನಿರ್ದೇಶಕರು ಪಾತ್ರದ ಒಳಗೆ ಹೋಗುತ್ತಾರೆ.

ಕ್ರಿಯಾನ್‌ನನ್ನೇ ತೆಗೆದುಕೊಳ್ಳಿ. ನಾಟಕ ಶುರುವಾಗುವ ಹಿಂದಿನ ರಾತ್ರಿಯಷ್ಟೇ ಶತ್ರುಗಳ ದಂಡು ಥೀಬ್ಸ್ ನಗರ ಬಿಟ್ಟು ಓಡಿದೆ. ಈಡಿಪಸ್‌ನ ಇಬ್ಬರು ಗಂಡುಮಕ್ಕಳು ಒಬ್ಬರನ್ನೊಬ್ಬರು ಕೊಂದು ಸತ್ತಿದ್ದಾರೆ. ಅವರ ಸೋದರಮಾವ ಕ್ರಿಯಾನ್ ಹೀಗೆ ಪಟ್ಟಕ್ಕೆ ಬಂದವನು. ಅಂದರೆ ಅವನು ಹಳೆಯ ದೊರೆಯಲ್ಲ, ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ. ಊರಿನ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸ್‌ನ ಹೆಣಕ್ಕೆ ಯಾರೂ ಮಣ್ಣು ಹಾಕಕೂಡದು, ಹಾಕಿದವರನ್ನು ಊರ ನಡುವೆ ಕಲ್ಲು ಹೊಡೆದು ಕೊಲ್ಲುತ್ತೇವೆ ಅನ್ನುವುದು ಅವನ ಆಜ್ಞೆ. ಅದನ್ನು ಮೀರಿ ಸೋದರನಿಗೆ ಮಣ್ಣು ಹಾಕುವವಳು ಅಂತಿಗೊನೆ. ಕಾವಲುಗಾರ ಬಂದು ಯಾರೋ ಮಣ್ಣು ಹಾಕಿದ್ದಾರೆ ಅಂದ ಕೂಡಲೇ ಕ್ರಿಯಾನ್ ಅನ್ನುವುದು ಏನು? ದುಡ್ಡು ಯಾರು ಕೊಟ್ಟರು? ಲಂಚ ತಿಂದಿದ್ದೀರಿ! ಮುಂದೆ ಕುರುಡ ಜ್ಞಾನಿ ಟೈರೀಸಿಯಸ್ ಬಂದು ಎಚ್ಚರಿಸಿದಾಗಲೂ ಅದೇ ಮಾತು: ನಿನ್ನನ್ನು ಯಾರೋ ಕೊಂಡುಕೊಂಡಿದ್ದಾರೆ. ಅಹಂಕಾರ ಅಂತ ನೀವು ಕರೆದದ್ದು ಹತ್ತಿರ ಹೋಗಿ ನೋಡಿದರೆ ಹೆದರಿಕೆ. ತನ್ನ ಬೆನ್ನ ಹಿಂದೆ ಎಲ್ಲರೂ ಸೇರಿ ಏನೋ ಮಾಡುತ್ತಿದ್ದಾರೆ ಅನ್ನುವ ಹೆದರಿಕೆ.

ಇನ್ನೊಂದು. ಈ ಮನುಷ್ಯ ನಾನು ಹಿಡಿದ ಮಾತು ಬಿಡುವವನಲ್ಲ ಅಂತ ಹೇಳುತ್ತಲೇ ಇರುತ್ತಾನೆ. ಆದರೆ ಮಾತು ಬದಲಿಸುತ್ತಲೂ ಇರುತ್ತಾನೆ. ಮೊದಲು ಇಸ್ಮೆನೆಗೂ ಸಾವು ಅನ್ನುತ್ತಾನೆ. ಹಿರಿಯರ ಮೇಳ (ಗ್ರೀಕ್ ನಾಟಕದ ಕೋರಸ್) ‘ಇಬ್ಬರನ್ನೂನಾ?’ ಅಂತ ಕೇಳಿದ್ದೇ ತಡ, ಮಣ್ಣು ಮುಟ್ಟದವಳನ್ನು ಬಿಟ್ಟೆ ಅನ್ನುತ್ತಾನೆ. ಕಲ್ಲು ಹೊಡೆಯುವ ಶಿಕ್ಷೆಯೂ ಸದ್ದಿಲ್ಲದೆ ಹೋಗಿ, ಅಂತಿಗೊನೆಯನ್ನು ಗುಹೆಯೊಳಗೆ ಜೀವಂತ ಮುಚ್ಚುವುದು ಅಂತ ಆಗುತ್ತದೆ. ಜೊತೆಗೆ ಒಂದಿಷ್ಟು ಊಟವನ್ನೂ ಇಡಿಸುತ್ತಾನೆ, ಊರಿಗೆ ಪಾಪ ತಟ್ಟಬಾರದು ಅಂತ. ಒಂದೊಂದು ಸಲವೂ ಒಂದು ಹೆಜ್ಜೆ ಹಿಂದೆ. ದನಿ ಮಾತ್ರ ಜಾಸ್ತಿ ಆಗುತ್ತಾ ಹೋಗುತ್ತದೆ. ಇದನ್ನು ನಟ ಆಡಬಲ್ಲ ಅಲ್ವಾ? ಇಲ್ಲಿ ಮಾಡುವುದಕ್ಕೆ ಕೆಲಸ ಇದೆ.

ಈಗ ನಿಮ್ಮ ಏಳನೇ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಆ ಪುಟದ ದೆಸೆಯಿಂದ. ಶಾಲೆಯ ಸಭಾಂಗಣ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದೆ. ಟೈರೀಸಿಯಸ್ ಶಾಪ ಹಾಕಿ ಹೋಗಿದ್ದಾನೆ. ಕ್ರಿಯಾನ್ ಕೊನೆಗೂ ಬಗ್ಗಿದ್ದಾನೆ. ಪಾತ್ರಧಾರಿ ‘ನಾನೇ ಕಟ್ಟಿಹಾಕಿದ್ದು, ನಾನೇ ಬಿಡಿಸುತ್ತೇನೆ’ ಎಂಬ ಅರ್ಥದ ಮಾತು ಹೇಳಿ ಓಡುತ್ತಾನೆ. ನಿರ್ದೇಶಕರು ನಿಲ್ಲಿಸುತ್ತಾರೆ. ಮಳೆ ಸದ್ದಿಗೆ ಕೂಗಿಯೇ ಕೇಳುತ್ತಾರೆ: ‘ಎಲ್ಲಿಗೆ ಓಡ್ತಾ ಇದ್ದೀಯ?’ ‘ಗುಹೆಗೆ ಸರ್.’ ‘ಅಲ್ಲ. ದೂತನ ಮಾತು ತೆಗೆದು ಓದು.’ ಹುಡುಗ ಓದುತ್ತಾನೆ. ಕ್ರಿಯಾನ್ ಮೊದಲು ಹೋಗಿದ್ದು ಹೆಣದ ಹತ್ತಿರ. ನಾಯಿ ಎಳೆದಾಡಿದ ಹೆಣ ತೊಳೆದು, ಹಸಿ ಕೊಂಬೆ ಕಡಿದು ತಂದು ಸುಟ್ಟು, ಮೇಲೆ ಮಣ್ಣಿನ ದಿಬ್ಬ ಕಟ್ಟಿ, ಆಮೇಲೆ ಗುಹೆಯ ಕಡೆ ನಡೆದದ್ದು. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಾಗಿತ್ತು.

ಇದನ್ನು ಮೂರು ಸಾಲಲ್ಲಿ ಮುಗಿಸಿ ‘ಹೀಗೆ ನಿರ್ದೇಶಕರು ಸೂಕ್ಷ್ಮವಾಗಿ ತಿದ್ದಿದರು’ ಅಂತ ಮುಂದೆ ಹೋಗಿಬಿಟ್ಟಿದ್ದೀರಲ್ಲ ಮಾರಾಯ್ರೆ! ನಿಮ್ಮ ಲೇಖನ ಶುರುವಾಗಬೇಕಾದದ್ದೇ ಇಲ್ಲಿ.

ಹಿರಿಯರ ಮೇಳ ಅವನಿಗೆ ಹೇಳಿದ ಕ್ರಮ ಬೇರೆ: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಗೋರಿ ಮಾಡು. ಅವನೂ ಬಾಯಲ್ಲಿ ಒಪ್ಪಿದ. ಕಾಲು ಮಾತ್ರ ಬೇರೆ ಕಡೆ ಹೋಯಿತು. ಯಾಕೆ? ಟೈರೀಸಿಯಸ್ ಹೇಳಿದ ಮೈಲಿಗೆಯ ಮಾತು ಕಿವಿಯಲ್ಲಿತ್ತಾ? ಹೆಣದ ತುಣುಕು ಹಕ್ಕಿ ನಾಯಿಗಳ ಬಾಯಿಂದ ದೇವರ ಕಟ್ಟೆಗೆ ಬಂದು ಬೀಳುತ್ತಿದೆ ಅಂದಿದ್ದ ಅವನು. ಅಥವಾ ಹೆಣ ಊರಿನ ವಿಷಯ, ಹುಡುಗಿ ಮನೆಯ ವಿಷಯ, ದೊರೆಗೆ ಮೊದಲು ಊರು ಅಂತ ಅಂದುಕೊಂಡನಾ? ಅಥವಾ ಬಾಗಿಲು ತೆಗೆದು ಆ ಹುಡುಗಿಯ ಕಣ್ಣಿಗೆ ಕಣ್ಣು ಕೊಟ್ಟು ‘ನಾನು ತಪ್ಪಿದೆ’ ಅನ್ನುವುದನ್ನು ಇನ್ನೊಂದು ಗಳಿಗೆ ಮುಂದೂಡಿದನಾ? ಮೂರಕ್ಕೂ ನಾಟಕದಲ್ಲಿ ಜಾಗ ಇದೆ. ಒಂದೊಂದು ಉತ್ತರಕ್ಕೂ ಬೇರೆ ಬೇರೆ ಕ್ರಿಯಾನ್ ಹುಟ್ಟುತ್ತಾನೆ. ಮೊದಲನೆಯವನು ದೇವರಿಗೆ ಹೆದರುವವನು, ಎರಡನೆಯವನು ಕೊನೆವರೆಗೂ ಆಡಳಿತಗಾರ, ಮೂರನೆಯವನು ನಾಚಿಕೆಯಲ್ಲಿ ಬೆಂದವನು. ನಿಮ್ಮ ನಿರ್ದೇಶಕರು ಯಾವುದನ್ನು ಹಿಡಿದರು? ಆ ಹುಡುಗನ ಓಟ ಹೇಗೆ ಬದಲಾಯಿತು? ನಿಧಾನವಾಯಿತಾ? ಎರಡು ಹೆಜ್ಜೆ ಇಟ್ಟು ದಿಕ್ಕು ತಿರುಗಿಸಿದನಾ? ನೀವು ಅಲ್ಲೇ ಕೂತಿದ್ದಿರಿ. ಓದುಗರಿಗೆ ಬೇಕಾದದ್ದು ಇದು.

ಅಂತಿಗೊನೆಯ ವಿಷಯಕ್ಕೆ ಬಂದರೆ, ‘ತ್ಯಾಗಮಯಿ’ ಎಂಬ ಮಾತು ನಿಮ್ಮಿಂದ ಅರ್ಧ ಪಾತ್ರವನ್ನು ಮುಚ್ಚಿಬಿಟ್ಟಿದೆ. ಅವಳು ತಂಗಿಗೆ ಎಷ್ಟು ಕಟುವಾಗಿ ಮಾತಾಡುತ್ತಾಳೆ ನೋಡಿ. ಇಸ್ಮೆನೆ ಕೊನೆಗೆ ಓಡಿ ಬಂದು ನಾನೂ ನಿನ್ನ ಜೊತೆ ಸಾಯುತ್ತೇನೆ ಅನ್ನುತ್ತಾಳೆ. ಹೇಡಿ ಅಂತ ನೀವು ಕರೆದವಳು ಇವಳು! ಅಕ್ಕ ಅದನ್ನೂ ಬೇಡ ಅನ್ನುತ್ತಾಳೆ, ನೀನು ಬದುಕನ್ನು ಆರಿಸಿಕೊಂಡವಳು ಅಂತ ದೂರ ತಳ್ಳುತ್ತಾಳೆ. ಅದು ಪ್ರೀತಿಯಾ, ಹಟವಾ? ತಂಗಿಯನ್ನು ಉಳಿಸುವ ಉಪಾಯವಾ? ಗುಹೆಗೆ ಹೊರಟಾಗ ಅದೇ ಹುಡುಗಿ ಮದುವೆ ಆಗಲಿಲ್ಲ, ಮಕ್ಕಳನ್ನು ಎತ್ತಿ ಆಡಿಸಲಿಲ್ಲ ಅಂತ ಅಳುತ್ತಾಳೆ. ಸಾವಿಗೆ ಅಂಜದವಳ ಬಾಯಲ್ಲಿ ಈ ಅಳು ಯಾಕೆ ಬಂತು? ನಿಮ್ಮ ಲೇಖನದಲ್ಲಿ ಅವಳು ಅಳುವುದೇ ಇಲ್ಲ. ಇನ್ನು ಅವಳನ್ನೂ ಹೀಮನ್‌ನನ್ನೂ ಪ್ರೇಮಿಗಳು ಅಂತ ಬರೆದಿದ್ದೀರಿ. ಸರಿ, ಮದುವೆ ನಿಶ್ಚಯ ಆದವರು. ಆದರೆ ಇಡೀ ನಾಟಕದಲ್ಲಿ ಅವರಿಬ್ಬರೂ ಒಂದು ಸಲವೂ ರಂಗದ ಮೇಲೆ ಒಟ್ಟಿಗೆ ಬರುವುದಿಲ್ಲ. ಅವರನ್ನು ಒಟ್ಟಿಗೆ ನಾವು ಕೇಳುವುದು ದೂತನ ಬಾಯಿಂದ, ಒಬ್ಬಳು ಹೆಣವಾದ ಮೇಲೆ. ನಿರ್ದೇಶಕರು ಈ ದೂರವನ್ನು ಹಾಗೇ ಇಟ್ಟುಕೊಂಡರಾ, ಇಲ್ಲ ಮಧ್ಯೆ ಒಂದು ಮೂಕ ದೃಶ್ಯ ಸೇರಿಸಿದರಾ? ಕೇಳಬೇಕಿತ್ತು.

ಷೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್‌ಳನ್ನು ನೀವು ಒಂದೇ ಸಾಲಿನಲ್ಲಿ ‘ರಾಕ್ಷಸಿ’ ಅಂದುಬಿಟ್ಟಿದ್ದೀರಿ. ಅಲ್ಲಿಯೂ ಇದೇ ತೊಂದರೆ. ಕೊಲೆಯ ರಾತ್ರಿ ಅವಳು ಹೇಳುವುದು, ಮಲಗಿದ್ದ ದೊರೆ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಅಂತ. ಆ ಒಂದು ಮಾತನ್ನು ನಟಿ ಹೇಗೆ ಹೇಳುತ್ತಾಳೆ ಎಂಬುದರ ಮೇಲೆ ಇಡೀ ಪಾತ್ರ ನಿಂತಿದೆ.

ಈ ಕೆಲಸ ನಮ್ಮ ಕಡೆಯವರಿಗೆ ಹೊಸದಲ್ಲ. ಮಳೆಗಾಲದ ತಾಳಮದ್ದಳೆಗೆ ನೀವೂ ಹೋಗಿರುತ್ತೀರಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಮಾತು. ವಾಲಿಯ ಅರ್ಥ ಹೇಳುವವರು ವಾಲಿ ದುಷ್ಟ ಅಂತ ಶುರು ಮಾಡುವುದಿಲ್ಲ. ಅವರು ವಾಲಿಯ ಪಕ್ಷ ಹಿಡಿದು, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ರಾಮನ ಎದುರು ವಾದಕ್ಕೆ ಇಳಿಯುತ್ತಾರೆ. ರಾಮನಿಗೆ ಕೈ ಮುಗಿಯುವ ಸಭೆ ವಾಲಿಯ ಮಾತಿಗೂ ತಲೆದೂಗುತ್ತದೆ. ಇಂದು ಕೌರವನಾದವರು ನಾಳೆ ಕೃಷ್ಣನಾಗುತ್ತಾರೆ, ಆಗ ಕೃಷ್ಣನ ಪಕ್ಷ. ಹೆಗೆಲ್ ‘ಅಂತಿಗೊನೆ’ಯಲ್ಲಿ ಕಂಡದ್ದು ಎರಡು ಸರಿಗಳ ನಡುವಿನ ಜಗಳ ಅಂತ ನೀವು ಒಂದೂವರೆ ಪುಟ ಬರೆದಿದ್ದೀರಿ. ಆ ಜಗಳ ಹೇಗಿರುತ್ತದೆ ಅಂತ ಕಿವಿಯಾರೆ ಕೇಳಿದ ಜನ ನಮ್ಮ ಓದುಗರು. ಹಾಗಾಗಿ ಅದನ್ನು ಎರಡು ಸಾಲಿಗೆ ಇಳಿಸಿ. ಅರಿಸ್ಟಾಟಲ್‌ನ ಕ್ರಿಯೆ ಮೊದಲು, ಪಾತ್ರ ಆಮೇಲೆ ಎಂಬ ಮಾತೊಂದನ್ನು ಉಳಿಸಿಕೊಳ್ಳಿ. ನಿಮ್ಮ ಏಳನೇ ಪುಟಕ್ಕೆ ಅದು ಸರಿಯಾಗಿ ಹೊಂದುತ್ತದೆ. ಉಳಿದದ್ದು ಬೇಡ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ 1985ರಿಂದ ಊರೂರಿಗೆ ನಾಟಕ ತರುತ್ತಿದೆ. ಈ ಜಿಲ್ಲೆಯ ಓದುಗರಿಗೆ ದುರಂತ ನಾಟಕ ಅಂದರೇನು ಅಂತ ಮೊದಲಿಂದ ಹೇಳುವ ಅಗತ್ಯ ಇಲ್ಲ.

‘ದುರಂತ ನಮ್ಮ ಪರಂಪರೆಗೆ ಸೇರಿದ್ದಲ್ಲ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಭಾಸನ ‘ಊರುಭಂಗ’ದಲ್ಲಿ ತೊಡೆ ಮುರಿದ ದುರ್ಯೋಧನ ನಮ್ಮ ಕಣ್ಣೆದುರೇ ಸಾಯುತ್ತಾನೆ. ಮಗ ಬಂದು ತೊಡೆಯ ಮೇಲೆ ಕೂರಲು ಹೋದಾಗ ಬೇಡ ಅನ್ನಬೇಕಾಗುತ್ತದೆ ಆ ಅಪ್ಪನಿಗೆ. ಇದಕ್ಕಿಂತ ದುರಂತ ಬೇಕಾ? ಕನ್ನಡದಲ್ಲಿ ಬಿ.ಎಂ.ಶ್ರೀ. ಸೊಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು 1929ರಲ್ಲೇ ‘ಅಶ್ವತ್ಥಾಮನ್’ ಮಾಡಿದರು. ಚಿರಂಜೀವಿ ಅಂತ ನಾವು ನಂಬಿದ ಅಶ್ವತ್ಥಾಮ ಅಲ್ಲಿ ತನ್ನ ಕೈಯಾರೆ ಸಾಯುತ್ತಾನೆ. ಕುವೆಂಪು ಹ್ಯಾಮ್ಲೆಟ್‌ನನ್ನು ನಮ್ಮ ಬಿದನೂರಿಗೇ ಕರೆತಂದು ‘ರಕ್ತಾಕ್ಷಿ’ ಬರೆದರು. ಹೊಸನಗರದ ದಾರಿಯಲ್ಲಿ ಆ ಕೋಟೆ ಇವತ್ತೂ ಮಳೆಯಲ್ಲಿ ನೆನೆಯುತ್ತಾ ನಿಂತಿದೆ. ಒಂದು ಪಾತ್ರವನ್ನು ಬೇರೆ ನೆಲಕ್ಕೆ ತಂದು ನಿಲ್ಲಿಸುವುದೂ ಪಾತ್ರವನ್ನು ಅರ್ಥ ಮಾಡಿಕೊಳ್ಳುವ ಒಂದು ದಾರಿ. ಇದರ ಬಗ್ಗೆ ಬೇಕಾದರೆ ಮುಂದೆ ಬೇರೆ ಲೇಖನವನ್ನೇ ಬರೆಯಿರಿ. ಇದರಲ್ಲಿ ತುರುಕಬೇಡಿ.

ಭಾಷೆಯ ಬಗ್ಗೆ ಸ್ವಲ್ಪ. ನಾಟಕದ ಮಾತುಗಳನ್ನು ನೀವೇ ಇಂಗ್ಲಿಷಿನಿಂದ ಅನುವಾದ ಮಾಡಿ ಕೊಟ್ಟ ಹಾಗಿದೆ. ಹಾಗೆ ಮಾಡಬೇಡಿ. ತಂಡ ಯಾವ ಕನ್ನಡ ಪಠ್ಯ ಆಡುತ್ತಿದೆ? ನಮ್ಮ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರು ಈಡಿಪಸ್‌ನನ್ನೂ ಅಂತಿಗೊನೆಯನ್ನೂ ಕನ್ನಡಕ್ಕೆ ತಂದಿದ್ದಾರೆ. ಅದನ್ನೇ ಆಡುತ್ತಿದ್ದರೆ ಅದರ ಮಾತನ್ನೇ ಹಾಕಿ. ನಟ ಉಸಿರು ತೆಗೆದುಕೊಳ್ಳುವುದು ಆ ಮಾತಿನ ಮೇಲೆ. ‘ಅಭೂತಪೂರ್ವ’, ‘ಮನೋಜ್ಞ’, ‘ಹೃನ್ಮನ ತಣಿಸುವ’ ಇವಕ್ಕೆ ಪೆನ್ಸಿಲಲ್ಲಿ ಗೆರೆ ಎಳೆದಿದ್ದೇನೆ. ಅವನ್ನು ತೆಗೆದರೆ ಏನೂ ಕಮ್ಮಿ ಆಗುವುದಿಲ್ಲ.

ಇನ್ನೊಂದು ಕೆಲಸ ಇದೆ. ನಿಮ್ಮ ಲೇಖನದಲ್ಲಿ ಯೂರಿಡಿಸ್‌ಳ ಹೆಸರೇ ಇಲ್ಲ. ಅವಳು ಕ್ರಿಯಾನ್‌ನ ಹೆಂಡತಿ. ಮೂಲದಲ್ಲಿ ಅವಳಿಗೆ ಇರುವುದು ಒಂಬತ್ತೇ ಸಾಲು. ಹೊರಗೆ ಬರುತ್ತಾಳೆ, ಏನಾಯಿತು ಹೇಳು ಅಂತ ದೂತನನ್ನು ಕೇಳುತ್ತಾಳೆ. ಮಗ ಹೀಮನ್ ಹೇಗೆ ಸತ್ತ ಅಂತ ಅವನು ಉದ್ದಕ್ಕೆ ಹೇಳುತ್ತಾನೆ. ಅವಳು ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಒಳಗೆ ಸಾಯುತ್ತಾಳೆ. ದೂತ ಮಾತಾಡುವಷ್ಟು ಹೊತ್ತೂ ಅವಳು ರಂಗದ ಮೇಲೆ ನಿಂತೇ ಇರಬೇಕು. ಆ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೆ? ಕಂಬ ಹಿಡಿಯುತ್ತಾಳಾ, ಕೂರುತ್ತಾಳಾ, ದೂತನ ಮುಖ ನೋಡುತ್ತಾಳಾ? ಯಾವ ಮಾತಿಗೆ ತಿರುಗಿ ಹೊರಡುತ್ತಾಳೆ? ಪಠ್ಯದಲ್ಲಿ ಇದಕ್ಕೆ ಉತ್ತರ ಇಲ್ಲ. ಅದನ್ನು ಕಂಡುಕೊಳ್ಳಬೇಕಾದವರು ನಿರ್ದೇಶಕರು ಮತ್ತು ಆ ಪಾತ್ರಧಾರಿ. ಮತ್ತೊಂದು ಸಲ ತಾಲೀಮಿಗೆ ಹೋಗಿ, ಆ ಪಾತ್ರ ಮಾಡುವವರ ಹತ್ತಿರ ಕೂತು ಮಾತಾಡಿ. ಕಮ್ಮಿ ಮಾತಿನ ಪಾತ್ರ ಮಾಡುವವರನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅವರ ಹತ್ತಿರ ಹೇಳಲು ಜಾಸ್ತಿ ಇರುತ್ತದೆ.

ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಏಳನೇ ಪುಟದ ಮೂರು ಸಾಲುಗಳಿಂದ ಶುರು ಮಾಡಿ ಹೊಸದಾಗಿ ಬರೆಯಿರಿ. ಐದಾರು ಪುಟ ಸಾಕು. ದೀಪಾವಳಿ ವಿಶೇಷಾಂಕದಲ್ಲಿ ಜಾಗ ಇಟ್ಟಿರುತ್ತೇನೆ. ಪ್ರದರ್ಶನ ಯಾವತ್ತು, ಎಲ್ಲಿ ಅಂತ ತಿಳಿಸಿ. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿಗೇನೂ ಬರ ಇಲ್ಲ, ನಾನೂ ಬರುತ್ತೇನೆ. ಆ ಹುಡುಗ ಯಾವ ಕಡೆ ಓಡುತ್ತಾನೆ ಅಂತ ನನಗೂ ನೋಡಬೇಕು.

ನಿಮ್ಮ,
ಸಂಪಾದಕ