ಓದುಗರ ಪ್ರಶ್ನೆ, ನಮ್ಮ ಉತ್ತರ: ಆಫೀಸು ಬಿಟ್ಟ ಮೇಲಿನ ಒಂದು ಗಂಟೆ

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆಯಲ್ಲಿ ಲೆಕ್ಕಪತ್ರದ ಕೆಲಸ, ಒಂಬತ್ತರಿಂದ ಐದೂವರೆ. ಮಾಡಿದ್ದನ್ನೇ ಮೂರು ಸಲ ಮಾಡಿಸುತ್ತಾರೆ, ಮನೆ ಸೇರುವ ಮೊದಲೇ ಫೋನು ಶುರು. ಬಿಡೋಣವೆಂದರೆ ಸಾಲದ ಕಂತು ಇದೆ. ಭಾನುವಾರ ಬೀಚಿಗೆ ಹೋದರೆ ಅಲ್ಲೂ ಜಾತ್ರೆ. ವಾರದ ದಿನವೇ, ಹೆಚ್ಚು ಖರ್ಚಿಲ್ಲದೆ, ಮನಸ್ಸು ಹಗುರಾಗುವಂಥದ್ದು ಊರೊಳಗೆ ಏನಿದೆ?
– ಓದುಗರು, ಸುರತ್ಕಲ್

ಉತ್ತರ: ಭಾನುವಾರದ ಆಸೆ ಮೊದಲು ಬಿಡಿ. ಆರು ದಿನದ ಬೇಸರವನ್ನು ಒಂದೇ ದಿನ ತೀರಿಸಲು ಹೊರಟರೆ ಆ ದಿನವೂ ಕೆಲಸದ ಹಾಗೇ ಆಗುತ್ತದೆ. ವಾರಕ್ಕೆ ಎರಡು ದಿನ, ಮನೆಗೆ ಹೋಗುವ ದಾರಿಯನ್ನು ಒಂದು ಗಂಟೆ ತುಂಡರಿಸಿ. ಯಾವ ದಿನ, ಎಲ್ಲಿಗೆ ಎಂದು ಮೊದಲೇ ಗೊತ್ತಿರಬೇಕು. ಐದೂವರೆಗೆ ದಣಿದ ತಲೆಯಲ್ಲಿ ಯೋಚಿಸಲು ಕೂತರೆ ಕಾಲು ತಾನಾಗಿ ಬಸ್ ನಿಲ್ದಾಣಕ್ಕೇ ಹೋಗುತ್ತದೆ.

ಫೆಬ್ರವರಿಯಿಂದ ಮೇ ತನಕ ಸುಲ್ತಾನ್ ಬತ್ತೇರಿಯ ದೋಣಿ ನಮ್ಮ ಮೊದಲ ಆಯ್ಕೆ. ಬೋಳೂರಿನಲ್ಲಿ ಟಿಪ್ಪು ಕಾಲದ ಕಪ್ಪುಕಲ್ಲಿನ ಕಾವಲು ಬುರುಜು ಇದೆಯಲ್ಲ, ಅದರ ಬುಡದಿಂದ ಫಲ್ಗುಣಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿ. ದಾಟಲು ಕೆಲವೇ ನಿಮಿಷ. ಆಚೆ ದಡವೆಂದರೆ ಉದ್ದನೆಯ ಮರಳಿನ ಪಟ್ಟಿ: ಬೆನ್ನ ಹಿಂದೆ ಅಲುಗದ ಹೊಳೆ, ಸ್ವಲ್ಪ ನಡೆದರೆ ಮುಂದೆ ಸಮುದ್ರ. ದೋಣಿಯ ಎಂಜಿನ್ ನಿಂತ ಮೇಲೆ ಅಲೆಯ ಸದ್ದು ಮೊದಲು ಕಿವಿಗೆ ಬೀಳುತ್ತದೆ, ಗಾಳಿಮರಗಳ ನಡುವೆ ನೀರು ಕಾಣುವುದು ಆಮೇಲೆ. ಐದೂವರೆಗೆ ಹೊರಟವರು ಆರು ಕಾಲರ ಹೊತ್ತಿಗೆ ಅಲ್ಲಿರಬಹುದು. ಆ ತಿಂಗಳುಗಳಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಎಡವಟ್ಟಾಗುವುದು ವಾಪಸು ಬರುವಾಗ. ಹತ್ತುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಿ. ಸೂರ್ಯ ಪೂರ್ತಿ ಮುಳುಗಲಿ ಎಂದು ಕೂತು ದೋಣಿ ತಪ್ಪಿಸಿಕೊಳ್ಳುವವರಿದ್ದಾರೆ. ಕೂಳೂರಿನ ಕಡೆಗೆ ರಸ್ತೆ ಇದೆ, ಸುರತ್ಕಲ್‌ಗೆ ಅದೇ ಹತ್ತಿರ ಎಂದು ನಿಮಗೆ ಅನ್ನಿಸಬಹುದು. ಆದರೆ ಕತ್ತಲಾದ ಮೇಲೆ ಅಲ್ಲಿ ಬಸ್ಸನ್ನು ನಂಬಿ ನಿಲ್ಲಬೇಡಿ. ಚಿಲ್ಲರೆ ಕೈಯಲ್ಲಿರಲಿ.

ನವೆಂಬರ್, ಡಿಸೆಂಬರ್‌ನಲ್ಲಿ ಈ ಲೆಕ್ಕ ಕೂಡುವುದಿಲ್ಲ. ಆಗ ಸೂರ್ಯ ಆರು ಗಂಟೆಯ ಆಸುಪಾಸಿಗೇ ಮುಳುಗುತ್ತಾನೆ, ನೀವು ಆಚೆ ದಡ ಸೇರುವ ಹೊತ್ತಿಗೆ ಕತ್ತಲು ಕವಿಯುತ್ತಿರುತ್ತದೆ. ಆ ದಿನಗಳಿಗೆ ಬಾವುಟಗುಡ್ಡೆ ಸರಿ. ಹಂಪನಕಟ್ಟೆಯಿಂದ ಏರು ಹತ್ತಿ ಹತ್ತು ನಿಮಿಷ ನಡೆದರೆ ಹಳೆಯ ದೀಪಸ್ತಂಭ, ಪಕ್ಕದಲ್ಲೇ ಟಾಗೋರ್ ಪಾರ್ಕ್. ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಹೆಂಚಿನ ಮಾಡುಗಳಾಚೆ ಕಡಲಿನ ಗೆರೆ.

ಅದೇ ಗುಡ್ಡದ ಅಲೋಶಿಯಸ್ ಚಾಪೆಲ್ ಮಧ್ಯಾಹ್ನದ ಬಿಡುವಿಗೆ ಹೇಳಿ ಮಾಡಿಸಿದಂತಿದೆ, ಆದರೆ ಸ್ಥಳೀಯರು ಹೋಗುವುದು ಊರಿಗೆ ನೆಂಟರು ಬಂದಾಗ ಮಾತ್ರ. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರ ನಂತರದ ಎರಡು-ಮೂರು ವರ್ಷಗಳಲ್ಲಿ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಮೇಲಿನವು ಫ್ರೆಸ್ಕೋ, ಎಂದರೆ ಸುಣ್ಣದ ಗಾರೆ ಒದ್ದೆಯಾಗಿರುವಾಗಲೇ ಬಣ್ಣ ಹಚ್ಚುವುದು. ಒಣಗಿದರೆ ಬಣ್ಣ ಗಾರೆಯೊಳಗೆ ಇಳಿಯುವುದಿಲ್ಲ, ಹಾಗಾಗಿ ಆ ದಿನ ಮುಗಿಸುವಷ್ಟೇ ಗಾರೆ ಬಳಿಯಬೇಕು. ಇಡೀ ಚಾಪೆಲನ್ನು ಒಂದೇ ಸಲ ನೋಡಿದರೆ ಕುತ್ತಿಗೆ ನೋವು ಬಿಟ್ಟರೆ ಬೇರೇನೂ ದಕ್ಕುವುದಿಲ್ಲ. ಒಂದು ಭೇಟಿಗೆ ಒಂದೇ ಚಿತ್ರ, ಹತ್ತು ನಿಮಿಷ ಸಾಕು. ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ.

ಬೆಳಿಗ್ಗೆ ಬೇಗ ಹೊರಡಲು ಆಗುವುದಾದರೆ ಕದ್ರಿ ಮಂಜುನಾಥ ದೇವಸ್ಥಾನ. ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ, ಕ್ರಿ.ಶ. 968ರದ್ದು. ದೀಪದ ಬೆಳಕು ಆ ಕಂಚಿನ ಮೇಲೆ ಬೀಳುವುದನ್ನು ನೋಡಿ, ಹಿಂದಿನ ಮೆಟ್ಟಿಲೇರಿ ಕೆರೆಗಳ ಬಳಿ ಸ್ವಲ್ಪ ಕೂತು ಇಳಿದರೂ ಒಂಬತ್ತಕ್ಕೆ ಆಫೀಸು ಸೇರಬಹುದು.

ಇನ್ನು ಫೋನು. ಸುಮ್ಮನೆ ಸೈಲೆಂಟ್‌ನಲ್ಲಿಟ್ಟರೆ ಏನಾಗಿರಬಹುದು ಎಂಬ ಅಳುಕು ದೋಣಿ ಹತ್ತಿದರೂ ಬಿಡುವುದಿಲ್ಲ. ಆಫೀಸಿನ ಕುರ್ಚಿಯಿಂದ ಏಳುವ ಮೊದಲು ಐದು ನಿಮಿಷ ಕೂತು, ಮುಗಿದದ್ದು ಯಾವುದು, ನಾಳೆಗೆ ಉಳಿದದ್ದು ಯಾವುದು ಎಂದು ಬರೆದು ಮೇಲಿನವರಿಗೆ ಕಳಿಸಿ. ಏಳೂವರೆಯ ನಂತರ ಫೋನಿಗೆ ಸಿಗುತ್ತೇನೆ ಎಂದು ಕೊನೆಗೆ ಸೇರಿಸಿ. ಮೂರು ಸಲ ಮಾಡಿಸುವ ಚಾಳಿಗೂ ಈ ಬರಹವೇ ಉತ್ತರ. ಏನು ಕೇಳಿದ್ದರು ಎಂಬುದು ತಾರೀಕಿನ ಸಮೇತ ದಾಖಲಾಗುತ್ತದೆ. ನಿದ್ದೆಯೇ ಹತ್ತದ, ಊಟ ಸೇರದ ಸ್ಥಿತಿ ಎರಡು ವಾರ ದಾಟಿದ್ದರೆ ಮಾತ್ರ ಇವು ಯಾವುದೂ ಸಾಲದು. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ವಾರವಿಡೀ ಬೈಸಿಕೊಳ್ಳುವ ಕೆಲಸ. ಭಾನುವಾರ ಬೆಳಿಗ್ಗೆ ಬನ್ಸ್ ಮಾಡಿ ನಿಧಾನವಾಗಿ ತಿನ್ನುವುದೊಂದೇ ಖುಷಿ. ಆದರೆ ಹೋಟೆಲಿನ ಹಾಗೆ ಉಬ್ಬುವುದಿಲ್ಲ, ಒಮ್ಮೆ ಪೂರಿ, ಒಮ್ಮೆ ಎಣ್ಣೆ ಮುದ್ದೆ.
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಆ ಖುಷಿ ಕೈತಪ್ಪಬಾರದು. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಿದ್ದ ದೊಡ್ಡ ಬಾಳೆಹಣ್ಣು ಒಂದು (ಸಣ್ಣದಾದರೆ ಎರಡು), ಸಕ್ಕರೆ ಎರಡು ದೊಡ್ಡ ಚಮಚ. ಮೊದಲು ಇವೆರಡನ್ನೇ ಸಕ್ಕರೆ ಕರಗಿ ನೀರಾಗುವ ತನಕ ಕಿವುಚಿ. ಆಮೇಲೆ ಹುಳಿ ಮೊಸರು ಮೂರು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಉಪ್ಪು ಅರ್ಧ ಚಮಚ, ಅಡುಗೆ ಸೋಡಾ ಕಾಲು ಚಮಚ. ಅದು ಹಿಡಿಯುವಷ್ಟು ಮೈದಾ, ಸುಮಾರು ಎರಡು ಕಪ್, ಸ್ವಲ್ಪಸ್ವಲ್ಪವೇ ಸೇರಿಸಿ. ನೀರು ಒಂದು ತೊಟ್ಟೂ ಬೇಡ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗೆ, ಕೈಗೆ ತುಸು ಅಂಟುವಂತಿರಲಿ. ಮೇಲೆ ಎಣ್ಣೆ ಸವರಿ ಮುಚ್ಚಿಡಿ. ಮಳೆಗಾಲದಲ್ಲಿ ಇಡೀ ರಾತ್ರಿ ಬೇಕು. ಏಪ್ರಿಲ್, ಮೇ ಸೆಕೆಗೆ ನಾಲ್ಕೈದು ಗಂಟೆ ಸಾಕು. ಆಗಲೂ ರಾತ್ರಿಯಿಡೀ ಇಟ್ಟರೆ ಹಿಟ್ಟು ಹುಳಿಯೇರಿ ಸಡಿಲವಾಗಿ ಎಣ್ಣೆ ಕುಡಿಯುತ್ತದೆ. ನಿಮ್ಮ ಮುದ್ದೆಗೆ ಒಂದು ಕಾರಣ ಇದು. ಸೋಡಾ ಹೆಚ್ಚಾದರೂ ಅದೇ ಕಥೆ.

ಪೂರಿಯಾಗುವುದು ಲಟ್ಟಿಸುವಾಗಿನ ತಪ್ಪಿನಿಂದ. ಅಂಗೈಯಗಲ, ಅರ್ಧ ಸೆಂಟಿಮೀಟರ್ ದಪ್ಪ, ಅದಕ್ಕಿಂತ ತೆಳು ಬೇಡ. ಒಣಹಿಟ್ಟು ಉದುರಿಸಿದರೆ ಎಣ್ಣೆಯ ತಳದಲ್ಲಿ ಕರಕಲಾಗುತ್ತದೆ, ಎಣ್ಣೆ ಸವರಿಯೇ ಲಟ್ಟಿಸಿ. ಉರಿ ಮಧ್ಯಮ: ಚಿಟಿಕೆ ಹಿಟ್ಟು ಹಾಕಿದರೆ ಮೂರು ಎಣಿಸುವುದರೊಳಗೆ ಮೇಲೆ ಬರಬೇಕು, ಹಾಕಿದ ಕೂಡಲೇ ಚಿಮ್ಮಬಾರದು. ಎಣ್ಣೆ ಅತಿಯಾಗಿ ಕಾದರೆ ಸಕ್ಕರೆ ಬೇಗ ಕಂದಿ, ಹೊರಗೆ ಬಣ್ಣ, ಒಳಗೆ ಹಸಿ. ಬಿಟ್ಟ ಮೇಲೆ ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತಿ. ಮೊದಲು ಒಂದು ಅಂಚು ಎದ್ದು ನಿಲ್ಲುತ್ತದೆ, ಅಲ್ಲಿಂದ ಉಬ್ಬು ನಡುವಿಗೆ ಹರಿದು ಇಡೀ ಬನ್ಸ್ ತಾನೇ ತಿರುಗಲು ಹವಣಿಸುತ್ತದೆ. ಆಗ ಮಗುಚಿ. ಮುರಿದಾಗ ಒಳಗೆ ಜೇನುಗೂಡಿನಂಥ ಬಲೆ ಕಂಡರೆ ಸರಿಯಾಗಿದೆ. ಉಳಿದದ್ದನ್ನು ಪೂರ್ತಿ ಆರಿಸಿ ಡಬ್ಬಿಗೆ ಹಾಕಿದರೆ ಸೋಮವಾರ ಆಫೀಸಿನಲ್ಲೂ ಮೆತ್ತಗೇ ಇರುತ್ತದೆ. ಬಿಸಿಯಿರುವಾಗ ಮುಚ್ಚಿದರೆ ಬೆವರುತ್ತದೆ.

ಪ್ರಶ್ನೆ: ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಬಿಡುಗಡೆ. ಆ ಹೊತ್ತಿಗೆ ನನಗೇನಿದೆ?
– ಓದುಗರು, ಬಿಜೈ, ಮಂಗಳೂರು

ಉತ್ತರ: ಬಂದರಿನ ದಕ್ಕೆ, ಅಂದರೆ ಮೀನಿನ ಬೋಟುಗಳು ತಂಗುವ ಕಟ್ಟೆ. ಊರು ಕಣ್ಣುಜ್ಜುವಾಗ ಅಲ್ಲಿ ಮೀನಿನ ಏಲಂ ಭರಾಟೆ. ಏಲಂನಲ್ಲಿ ಬುಟ್ಟಿಗಟ್ಟಲೆ ಹೋಗುತ್ತದೆ, ಮನೆಗೆ ಒಂದು ಕಿಲೋ ಬೇಕಿದ್ದರೆ ಪಕ್ಕದಲ್ಲಿ ಕೂತು ಮಾರುವ ಹೆಂಗಸರ ಬಳಿ ಕೇಳಿ. ಬಂಗುಡೆಯ ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಿರಬೇಕು, ಹೊಟ್ಟೆ ಒತ್ತಿದರೆ ಗುಳಿ ಉಳಿಯಬಾರದು. ಹವಾಯಿ ಚಪ್ಪಲಿ ಹಾಕಬೇಡಿ, ನೆಲ ಜಾರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಹೋದರೆ ಕಟ್ಟಿಹಾಕಿದ ಬೋಟುಗಳೇ ಕಾಣುವುದು. ಮೀನು ತಿನ್ನದವರಾದರೆ ಹೊತ್ತೇರುವ ಮೊದಲು ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಹೋಟೆಲಿನ ಮೊದಲ ಇಡ್ಲಿಗೆ ಕೂರಿ. ಮನೆಗೆ ಹೋದ ಮೇಲೆ ನಿದ್ದೆ ಬರಬೇಕಾದ್ದರಿಂದ ಕಾಫಿ ಮಾತ್ರ ಬೇಡ.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ಏನು ಮಾಡುವುದು? ಸೇಂಟ್ ಮೇರೀಸ್ ದ್ವೀಪಕ್ಕೂ ದೋಣಿ ಇಲ್ಲ.
– ಓದುಗರು, ಮಲ್ಪೆ

ಉತ್ತರ: ತಾಳಮದ್ದಳೆ, ಅಂದರೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ವೇಷವಿಲ್ಲದ ಈ ಕೂಟಗಳ ಕಾಲ. ದೇವಸ್ಥಾನ, ಸಭಾಭವನಗಳಲ್ಲಿ ನಡೆಯುತ್ತವೆ, ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ಹೊಸಬರಾದರೆ ಪ್ರಸಂಗದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಿ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ವಾದ ಎತ್ತ ಹೊರಳುತ್ತಿದೆ ಎಂಬುದು ಆಗ ಹಿಡಿತಕ್ಕೆ ಸಿಗುತ್ತದೆ. ಹಾಡುವ ಭಾಗವತರ ಹತ್ತಿರ ಕೂರಿ, ಆದರೆ ಚೆಂಡೆಯ ನೇರಕ್ಕೆ ಬೇಡ. ಕೊಡೆಗೆ ಗುರುತಿನ ದಾರ ಕಟ್ಟಿಡಿ, ಬಾಗಿಲಲ್ಲಿ ಎಲ್ಲವೂ ಕಪ್ಪು ಕೊಡೆಗಳೇ ಇರುತ್ತವೆ.