ತಾಳ ನೀವು ಹಾಕಿ, ಹಾಡು ಅವಳು ಹೇಳಲಿ

ಉಡುಪಿ ಕುಂಜಿಬೆಟ್ಟಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಒಂಬತ್ತು ವರ್ಷ. ಕಳೆದ ವಿಜಯದಶಮಿಗೆ ಸಂಗೀತಕ್ಕೆ ಸೇರಿಸಿದೆವು. ಕ್ಲಾಸಿಗೆ ಖುಷಿಯಿಂದಲೇ ಹೋಗುತ್ತಾಳೆ. ಮನೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ದಿನಾ ಸಂಜೆ ಇದೇ ಜಗಳ. ಮೊಬೈಲ್ ಕೊಡ್ತೇನೆ ಅಂದರೆ ಐದು ನಿಮಿಷದಲ್ಲಿ ಎಲ್ಲ ವರಸೆ (ಸ್ವರದ ಪಾಠ) ಓಡಿಸಿ ಮುಗಿಸುತ್ತಾಳೆ. ಇವರು 'ಇಷ್ಟ ಇಲ್ಲದಿದ್ದರೆ ಬಿಡಿಸು' ಎನ್ನುತ್ತಾರೆ. ನನಗೋ ಸಂಗೀತದ ಗಂಧವಿಲ್ಲ. ನಾನೇನು ಮಾಡಲಿ? ಪರೀಕ್ಷೆ ಸಮಯದಲ್ಲಾದರೂ ಪಾಠ ನಿಲ್ಲಿಸಬೇಕಾ?"

ನಮಸ್ಕಾರ. ದಯವಿಟ್ಟು ಬಿಡಿಸಬೇಡಿ. ಕ್ಲಾಸಿಗೆ ಖುಷಿಯಿಂದ ಹೋಗುವ ಹುಡುಗಿಗೆ ಸಂಗೀತ ಬೇಡವಾಗಿದೆ ಅಂತ ನನಗೆ ಅನ್ನಿಸುವುದಿಲ್ಲ. ಕ್ಲಾಸಿನಲ್ಲಿ ಎದುರಿಗೆ ಟೀಚರ್ ಇರುತ್ತಾರೆ, ಪಕ್ಕದಲ್ಲಿ ಓರಗೆಯ ಮಕ್ಕಳು. ಹಿನ್ನೆಲೆಯಲ್ಲಿ ಶ್ರುತಿಯ ನಾದ ನಡೆಯುತ್ತಿರುತ್ತದೆ, ಎಲ್ಲರ ಕೈ ತೊಡೆಯ ಮೇಲೆ ಒಟ್ಟಿಗೆ ಬೀಳುತ್ತಿರುತ್ತದೆ. ಮನೆಗೆ ಬಂದರೆ "ಹೋಗು, ರೂಮಿನಲ್ಲಿ ಕೂತು ಪ್ರಾಕ್ಟೀಸ್ ಮಾಡು" ಅಂತೇವೆ. ಅಲ್ಲಿ ಒಬ್ಬಳೇ ಕೂತು ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಎಷ್ಟು ಸಲ ಹೇಳಬೇಕು ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಮೊದಲ ಕೆಲಸ ನಿಮ್ಮದು. ಪಕ್ಕದಲ್ಲಿ ಕೂತು ತಾಳ ಹಾಕಿ.

ಇದಕ್ಕೆ ಸಂಗೀತ ಬರಬೇಕಾಗಿಲ್ಲ. ಆದಿ ತಾಳಕ್ಕೆ ಎಂಟು ಎಣಿಕೆ. ತೊಡೆಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡು ಬೆರಳು. ಅಲ್ಲಿಗೆ ನಾಲ್ಕಾಯಿತು. ಮತ್ತೆ ಒಂದು ಪೆಟ್ಟು, ಕೈ ಮಗುಚಿ ಒಂದು ಹುಸಿ. ಇನ್ನೊಮ್ಮೆ ಪೆಟ್ಟು, ಹುಸಿ. ಅಷ್ಟೇ. ಇದನ್ನು ಮಗಳ ಹತ್ತಿರವೇ ಕಲಿಯಿರಿ. "ಅಮ್ಮಾ, ಅಲ್ಲಿ ಬೆರಳು ತಪ್ಪಿತು" ಅಂತ ನಿಮ್ಮನ್ನು ತಿದ್ದಲಿ. ಯಾವಾಗಲೂ ತಿದ್ದಿಸಿಕೊಳ್ಳುವ ಮಗುವಿಗೆ ದಿನಕ್ಕೆ ಒಂದು ಸಲ ತಿದ್ದುವ ಅವಕಾಶ ಸಿಕ್ಕರೆ ಅದು ಎಷ್ಟು ನೆಟ್ಟಗೆ ಕೂರುತ್ತದೆ ಅಂತ ನೀವೇ ನೋಡಿ.

ಐದು ನಿಮಿಷದಲ್ಲಿ ಓಡಿಸುವ ಸಮಸ್ಯೆಗೂ ಇದೇ ಮದ್ದು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿಸುತ್ತಾರೆ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ಕೈ ಒಂದೇ ವೇಗದಲ್ಲಿ ಬೀಳಬೇಕು, ಸ್ವರ ಮಾತ್ರ ದುಪ್ಪಟ್ಟಾಗಬೇಕು. ಒಬ್ಬಳೇ ಕೂತ ಮಗುವಿನ ಕೈ ಬಾಯಿಯ ಜೊತೆಗೇ ಓಡುತ್ತದೆ. ನಿಮ್ಮ ಕೈ ನಿಧಾನವಾಗಿ ಬೀಳುತ್ತಿದ್ದರೆ ಅವಳು ಓಡುವಂತಿಲ್ಲ. ಮಕ್ಕಳಿಗೆ ಒಂದನೇ ಕಾಲ ಬೇಜಾರು, ಆದರೆ ಸ್ವರ ಗಟ್ಟಿಯಾಗಿ ನೆಲೆ ನಿಲ್ಲುವುದು ಅಲ್ಲೇ. ಈ ವರಸೆಗಳನ್ನು ಹೇಳಿಸುವ ಮಾಯಾಮಾಳವಗೌಳ ರಾಗದಲ್ಲಿ ರಿಷಭ (ರಿ) ಷಡ್ಜಕ್ಕೆ (ಸ) ತೀರಾ ಹತ್ತಿರ, ಗಾಂಧಾರ (ಗ) ದೂರ. ಅವಸರದಲ್ಲಿ ಹೇಳಿದರೆ ರಿಷಭ ಮೇಲಕ್ಕೆ ಜಾರುತ್ತದೆ. ಮೇಲೆ ಪಂಚಮದ (ಪ) ಪಕ್ಕದ ಧೈವತಕ್ಕೂ (ಧ) ಇದೇ ಕಥೆ. ಕಲಿಕೆಗೆ ಈ ರಾಗವನ್ನು ಗೊತ್ತು ಮಾಡಿದವರು ಪುರಂದರದಾಸರು ಎಂಬ ನಂಬಿಕೆಯಿದೆ. ಇವತ್ತಿಗೂ ಹೆಚ್ಚಿನ ಟೀಚರುಗಳು ಶುರು ಮಾಡುವುದು ಇದರಿಂದಲೇ.

ಶ್ರುತಿ ಇಲ್ಲದೆ ಒಂದು ದಿನವೂ ಹಾಡಿಸಬೇಡಿ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದ್ದರೆ ಒಳ್ಳೆಯದು. ಮೊಬೈಲಿನ ತಂಬೂರಿ ಆ್ಯಪ್ ಕೂಡ ಆಗುತ್ತದೆ, ಆದರೆ ಮೊಬೈಲ್ ನಿಮ್ಮ ಕೈಯಲ್ಲಿರಲಿ. ಶ್ರುತಿ ಯಾವ ಮನೆಯಲ್ಲಿ, ಅಂದರೆ ಎಷ್ಟು ಎತ್ತರದಲ್ಲಿ ಇರಬೇಕು ಅಂತ ಟೀಚರ್ ಹತ್ತಿರ ಕೇಳಿಕೊಳ್ಳಿ.

ಇನ್ನು ಹೊತ್ತು. "ಆರೂವರೆಗೆ" ಅಂತ ಗಡಿಯಾರಕ್ಕೆ ಕಟ್ಟಿದರೆ ಒಂದು ದಿನ ಟ್ಯೂಷನ್, ಇನ್ನೊಂದು ದಿನ ನೆಂಟರು, ಅಲ್ಲಿಗೆ ತಪ್ಪಿತು. ಮನೆಯಲ್ಲಿ ಹೇಗೂ ನಡೆಯುವ ಯಾವುದಾದರೂ ಕೆಲಸದ ಬೆನ್ನಿಗೆ ಅದನ್ನು ಸೇರಿಸಿ. ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೆ ದಾರಿ ಮೊದಲೇ ಇತ್ತು. ಮುಸ್ಸಂಜೆಗೆ ಕೈಕಾಲು ಮುಖ ತೊಳೆದು, ದೇವರಿಗೆ ದೀಪ ಹಚ್ಚಿದ ಕೂಡಲೇ ಮಕ್ಕಳೆಲ್ಲ ಭಜನೆಗೆ ಕೂರುತ್ತಿದ್ದರು. ಯಾರೂ ಅದನ್ನು ಪ್ರಾಕ್ಟೀಸ್ ಅಂತ ಕರೆಯಲಿಲ್ಲ, ಯಾರೂ ಚಾಕ್ಲೇಟ್ ಕೊಡಲಿಲ್ಲ. ಅಜ್ಜಿ ತಾಳ ಹಿಡಿಯುತ್ತಿದ್ದರು, ಮಕ್ಕಳು ಹೇಳುತ್ತಿದ್ದರು. ನಿಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವುದಿದ್ದರೆ ಅದರ ಹಿಂದೆಯೇ ಕೂರಿ. ಇಲ್ಲವಾದರೆ ಸಂಜೆಯ ಕಾಫಿ ತಿಂಡಿ ಆದ ಮೇಲೆ. ಹದಿನೈದು ನಿಮಿಷ ಸಾಕು. ಅದರಲ್ಲಿ ಹೆಚ್ಚಿನ ಪಾಲು ತಪ್ಪುವ ಜಾಗಕ್ಕೇ ಹೋಗಲಿ. ಜಂಟಿ ವರಸೆಯ ಒಂದು ಸಾಲು ಎರಡನೇ ಕಾಲದಲ್ಲಿ ಮುಗ್ಗರಿಸುತ್ತದೆ ಎಂದಿಟ್ಟುಕೊಳ್ಳಿ. ಆ ಸಾಲನ್ನಷ್ಟೇ ನಿಧಾನವಾಗಿ ನಾಲ್ಕು ಸಲ ಹೇಳಿಸಿ. ಕೊನೆಗೆ ಅವಳಿಗೆ ಚೆನ್ನಾಗಿ ಬರುವ ಒಂದು ಗೀತೆ ಹೇಳಿ ಏಳಲಿ. ಎಲ್ಲಿ ತಪ್ಪುತ್ತಿದೆ ಅಂತ ಟೀಚರೇ ವಾರಕ್ಕೊಮ್ಮೆ ಪುಸ್ತಕದಲ್ಲಿ ಗುರುತು ಹಾಕಿ ಕೊಟ್ಟರೆ ನಿಮ್ಮ ಕೆಲಸ ಸುಲಭ.

ಮೊಬೈಲಿನ ಆಸೆ ತೋರಿಸುವುದನ್ನು ಇವತ್ತೇ ನಿಲ್ಲಿಸಿ. ಬೇಗ ಮುಗಿಸಿದರೆ ಬೇಗ ಮೊಬೈಲ್ ಅಂತಾದರೆ ಮಗು ಓಡಿಸದೆ ಇನ್ನೇನು ಮಾಡೀತು? ನೆಂಟರ ಮುಂದೆ "ಒಂದು ಹಾಡು ಹೇಳು ಮಗಾ" ಅಂತ ಒತ್ತಾಯ ಮಾಡುವುದೂ ಬೇಡ. ಅವಳಾಗಿ ಹೇಳಿದರೆ ಕೇಳಿ.

ಕಿವಿಗೂ ಊಟ ಹಾಕಿ. ಉಡುಪಿಯಲ್ಲಿದ್ದುಕೊಂಡು ಮಕ್ಕಳಿಗೆ ಒಳ್ಳೆಯ ಸಂಗೀತ ಕೇಳಿಸದಿರುವುದು ದೊಡ್ಡ ನಷ್ಟ. ಕೃಷ್ಣ ಮಠದ ರಾಜಾಂಗಣಕ್ಕೆ ಸಂಜೆ ಕರೆದುಕೊಂಡು ಹೋಗಿ. ಅರ್ಧ ಗಂಟೆ ಕೂತು ಎದ್ದು ಬಂದರೂ ಪರವಾಗಿಲ್ಲ. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತದೆ. ಮಕ್ಕಳು ಸಾಲಾಗಿ ಕೂತು ಹಾಡುವ ಕಡೆ ಅವಳೂ ಕೂರಲಿ. ರಾತ್ರಿ ಯಕ್ಷಗಾನದ ಆಟ ನೋಡಿ ಬಂದ ನಮ್ಮ ಮಕ್ಕಳು ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ಕುಣಿಯುತ್ತಾರಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಇಡೀ ಆಟವನ್ನು ಕಣ್ತುಂಬ ನೋಡಿದ್ದಾರೆ, ಅದಕ್ಕೆ ಕುಣಿಯುತ್ತಾರೆ. ವರ್ಷವಿಡೀ ಸರಿಗಮ ಮಾತ್ರ ಕೇಳಿದ ಮಗುವಿಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ತೋರಿಸಬೇಕಲ್ವಾ?

ಪರೀಕ್ಷೆ ಬಂದಾಗ ನಿಲ್ಲಿಸಬೇಡಿ, ಕಡಿಮೆ ಮಾಡಿ. ಆ ದಿನಗಳಲ್ಲಿ ಹೊಸ ಪಾಠ ಬೇಡ ಅಂತ ಟೀಚರಿಗೆ ಮೊದಲೇ ಹೇಳಿ. ಮನೆಯಲ್ಲಿ ಒಂದೇ ಒಂದು ವರಸೆ, ಮೂರು ಕಾಲದಲ್ಲಿ. ಅದಕ್ಕೆ ಐದು ನಿಮಿಷ ಸಾಕು. ಗಣಿತದ ಹಿಂದಿನ ದಿನ ಅದೂ ಬೇಡ ಅಂದರೆ ಬಿಡಿ, ಮರುದಿನ ಪುನಃ ಕೂರಿ. ನಿಮ್ಮ ಯಜಮಾನರಿಗೂ ತಾಳ ಕಲಿಸಿಕೊಡಲು ಮಗಳಿಗೆ ಹೇಳಿ. ನಿಮಗೆ ಪುರುಸೊತ್ತಿಲ್ಲದ ದಿನ ಅವರು ಕೂರಲಿ.